ಹಿತ್ತಲಲ್ಲಿ ನೀರು ಕುಡಿದವರು

ಅವರ ನೆತ್ತಿಯಲ್ಲಿ ಅಂಗೈಯಗಲದ ಜಾಗದಲ್ಲಿ ಕೂದಲೇ ಇರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹೊತ್ತು ಸವೆದ ಜಾಗ ಅದು. ಗಂಗೊಳ್ಳಿಯಿಂದ ಮೀನು ತಂದು ಬಸ್ರೂರಿನ ನಮ್ಮ ಓಣಿಯಲ್ಲಿ ಮನೆಮನೆಗೆ ಮಾರುತ್ತಿದ್ದ ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವರಲ್ಲ, ಆಚೆಮನೆಯವರು, ನಡುವೆ ಬೇಲಿಯೊಂದೇ ಅಡ್ಡ. ದುಬಾರಿಯ ಅಂಜಲ್ ಮೀನು ಇದೆಯೇ ಎಂದು ನಾನು ಬುಟ್ಟಿಯೊಳಗೆ ಇಣುಕಿದರೆ ಸಾಕು, "ಎಂತ ಹೆಣೆ, ಬಂಗ್ಡಿ ನಿನ್ ಗಂಟ್ಲಂಗ್ ಇಳಿತಿಲ್ಯಾ?" ಎಂದು ನಾಲ್ಕು ಮನೆಗೆ ಕೇಳುವ ಹಾಗೆ ನನ್ನ ಮಾನ ಕಳೆಯುತ್ತಿದ್ದರು. ಹೆಣೆ ಎಂದರೆ ನಮ್ಮಲ್ಲಿ ಹುಡುಗಿ ಎಂದು ಸಲಿಗೆಯಿಂದ ಕರೆದ ಹಾಗೆ.

ಅವರ ಗಂಡ ನನಗೆ ಭಾವ. ಬೋಟಿನಲ್ಲಿ ದುಡಿದು ದಡ ಸೇರಿದವರು, ಮಾತು ಕಡಿಮೆ. ಆ ಮನೆಯ ಮೆಟ್ಟಿಲು ಹತ್ತಿದವರಿಗೆಲ್ಲ ಮೊದಲು ಬೆಲ್ಲ ಮತ್ತು ನೀರು ಬರಬೇಕು. ಲೈನ್‌ಮನ್ ಬಂದರೂ ಸರಿ, ಓಟು ಕೇಳಲು ಬಂದವರಾದರೂ ಸರಿ. "ಆಸ್ರಿ ಕುಡೀದೆ ಎಂತ ಮಾತಾಡುದ್?" ಎಂದು ಅಕ್ಕ ಗದರುತ್ತಿದ್ದರು. ಬಾಯಾರಿದವರಿಗೆ ಕೊಡುವ ನೀರಿಗೆ ನಮ್ಮಲ್ಲಿ ಆಸ್ರಿ ಎನ್ನುತ್ತಾರೆ.

ಮೊದಲು ಭಾವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಕುಂದಾಪುರದಲ್ಲಿ ಡಯಾಲಿಸಿಸ್. ಆ ಓಡಾಟಕ್ಕೆ ಹೊಂದಿಕೊಳ್ಳುವ ಮೊದಲೇ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಎರಡನ್ನೂ ಒಂದೇ ಮನೆಗೆ ತಂದು ಹಾಕಿದ್ದು ಯಾವ ನ್ಯಾಯ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಿಲ್ಲ.

ಭಾವನಿಗೆ ದಿನಕ್ಕೆ ಒಂದೇ ಸಣ್ಣ ಚೆಂಬು ನೀರು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಕ್ಕ ಬೆಳಿಗ್ಗೆಯೇ ಚೆಂಬು ತುಂಬಿ ಬೇರೆ ಇಡುತ್ತಿದ್ದರು. ಮುಗಿದರೆ ಮುಗಿಯಿತು, ಬೇಡಿದರೂ ಇಲ್ಲ. ಆದರೂ ಭಾವನ ಕಾಲು ಬಾತುಕೊಂಡಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ನರ್ಸು ರೇಗಿದರು.

"ದೇವ್ರಾಣಿ, ಒಂದ್ ಚೊಂಬಿನ್ ಮೇಲ್ ಕೊಡ್ಲಿಲ್ಲೆ," ಎಂದರು ಅಕ್ಕ.

"ಊಟಕ್ಕೆ ಎಂತ?"

"ಗಂಜಿ. ಮೂರ್ ಹೊತ್ತೂ ಗಂಜಿಯೇ."

ನರ್ಸು ಹಣೆಗೆ ಕೈ ಹಚ್ಚಿಕೊಂಡರು. ಅಕ್ಕನಿಗೆ ಆಗಲೂ ಅರ್ಥವಾಗಲಿಲ್ಲ. "ಗಂಜಿ ಊಟ ಅಲ್ದಾ? ಅದ್ ನೀರ್ ಹ್ಯಾಂಗಾತ್ತ್?" ಎಂದು ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದ ನನಗೂ ಹೊಳೆದಿರಲಿಲ್ಲ. ನಮ್ಮ ಕಡೆ ಗಂಜಿಯನ್ನು ಯಾರು ನೀರೆಂದು ಎಣಿಸಿದ್ದಾರೆ? ಹಿಂದಿರುಗುವಾಗ ರಿಕ್ಷಾದಲ್ಲಿ ಅವರು ನನ್ನ ಕೈ ಹಿಡಿದು, "ನಾನೇ ಕಯ್ಯಾರೆ ಅವ್ರನ್ನ ಮುಳ್ಗ್ಸ್ತಾ ಇದ್ದೆ ಹೆಣೆ," ಎಂದರು.

ಅಲ್ಲಿಂದ ಆಚೆ ಅವರಿಗೆ ನೀರೆಂದರೆ ಭಯ. ಕೊಡಪಾನಕ್ಕೆ ಬಟ್ಟೆ ಮುಚ್ಚಿ ಒಳಗಿನ ಮೂಲೆಗೆ ಸರಿಸಿದರು. ಬಂದವರಿಗೆ ಬೆಲ್ಲವೂ ನಿಂತಿತು, ನೀರೂ ನಿಂತಿತು. ರೋಗಿಗಳನ್ನು ನೋಡಲು ಬಂದ ನೆಂಟರು, "ಒಂದ್ ಆಸ್ರಿಗೂ ಗತಿಯಿಲ್ಯಾ ಈ ಮನ್ಯಂಗೆ," ಎಂದು ಅಂಗಳದಲ್ಲಿ ಗೊಣಗಿದ್ದನ್ನು ಕೇಳಿ ನನ್ನ ಮೈ ಉರಿದುಹೋಗಿತ್ತು.

ಆದರೆ ಅಕ್ಕನ ಡಾಕ್ಟರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಕಿಮೋ ಕೊಡುತ್ತಿದ್ದೇವೆ, ದಿನವಿಡೀ ನೀರು ಕುಡಿಯುತ್ತಲೇ ಇರಬೇಕು ಎಂದು. ಅಕ್ಕ ಕುಡಿಯಲೇ ಇಲ್ಲ. ವಾಂತಿಯಾಗಿ, ತುಟಿ ಒಡೆದು, ಮೂತ್ರ ಕಟ್ಟಿ ಆಸ್ಪತ್ರೆ ಸೇರಿದರು. ಬೈದರೆ ಹೇಳಿದರು: "ಅವ್ರ್ ಎದ್ರಿಗ್ ಹ್ಯಾಂಗೆ ಕುಡೂದ್ ಹೆಣೆ? ನಾ ಲೋಟ ಎತ್ತಿರೆ ಅವ್ರ್ ಗಂಟ್ಲ್ ಅಲ್ಲಾಡ್ತ್."

ಅದಕ್ಕೇ ನಮ್ಮ ಹಿತ್ತಲಿಗೆ ಬರಲು ಹೇಳಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು, ಗೋಡೆಯ ಕಡೆ ಮುಖ ಮಾಡಿ, ಕದ್ದವರ ಹಾಗೆ ಗಟಗಟ ಕುಡಿಯುತ್ತಿದ್ದರು. ಅಲ್ಲಿಯೂ ಲೋಟ ಪೂರ್ತಿ ಬರಿದು ಮಾಡಿದವರಲ್ಲ. ಸೆರಗಿನಿಂದ ತುಟಿ ಒರೆಸಿ, ಒದ್ದೆ ಉಳಿದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ ಬೇಲಿ ದಾಟುತ್ತಿದ್ದರು. ಕಿಮೋ ತಲೆಯನ್ನೆಲ್ಲ ಬೋಳು ಮಾಡಿದಾಗ ನಕ್ಕ ಹೆಂಗಸು ಇದೊಂದಕ್ಕೆ ಮಾತ್ರ ನಡುಗುತ್ತಿದ್ದರು.

ಭಾವ ಅಕ್ಕನನ್ನು ದಿನಕ್ಕೆ ಮೂರು ನಾಲ್ಕು ಸಲ ನಮ್ಮಲ್ಲಿಗೆ ಕಳಿಸುತ್ತಿದ್ದರು. ಒಮ್ಮೆ ಒಗ್ಗರಣೆಯ ಬೇಸೊಪ್ಪಿಗೆ, ಒಮ್ಮೆ ಪೇಪರಿಗೆ. ಅವರ ಅಂಗಳದಲ್ಲೇ ಬೇಸೊಪ್ಪಿನ ಗಿಡವಿತ್ತು. ಅಕ್ಕ ಹಾಸಿಗೆ ಹಿಡಿಯುವ ಮೊದಲು ಒಂದು ದಿನ, ಡಯಾಲಿಸಿಸ್‌ಗೆ ಕರೆದೊಯ್ಯುವಾಗ, ಭಾವ ರಿಕ್ಷಾದಲ್ಲಿ ಮೆಲ್ಲನೆ ಕೇಳಿದರು: "ಇವತ್ತ್ ಕುಡ್ದ್ಲಾ?"

ನಾನು ಹೌದೆಂದು ತಲೆಯಾಡಿಸಿದೆ.

"ನಂಗ್ ಗೊತ್ತಿತ್ ಅಂದ್ ಅವ್ಳಿಗ್ ಹೇಳ್ಬೇಡ. ಹೇಳಿರೆ ನಿಮ್ಮಲ್ಲಿಗ್ ಬಪ್ದೂ ನಿಲ್ಸತ್ಲ್," ಎಂದರು.

ನಾನು ಹೇಳಲಿಲ್ಲ. ಇಬ್ಬರ ಗುಟ್ಟನ್ನೂ ಹೊತ್ತುಕೊಂಡು ಬೇಲಿಯ ಈಚೆ ಓಡಾಡಿದೆ.

ಇನ್ನು ಚಿಕಿತ್ಸೆ ಬೇಡ ಎಂದು ಅಕ್ಕನನ್ನು ಮನೆಗೆ ಕಳಿಸಿದರು. ಕೊನೆಯ ದಿನ ಬೈಂದೂರಿನಿಂದ ಬಂದ ಅವರ ಮಗಳು ಬಾಯಿಗೆ ನೀರು ಬಿಡಲು ನಮ್ಮನ್ನೆಲ್ಲ ಕರೆದಳು. ಹೊರಟವರ ಬಾಯಿಗೆ ಹತ್ತಿರದವರು ಒಂದೊಂದು ಚಮಚ ಬಿಡುವುದು ರೂಢಿ. ಮಗಳು ಬಿಟ್ಟಳು. ಅಕ್ಕ ಬಾಯಿ ತೆರೆಯಲಿಲ್ಲ. ನೀರು ಕೆನ್ನೆಯ ಮೇಲಿಳಿದು ದಿಂಬಿಗೆ ಹೋಯಿತು. ಪ್ರಜ್ಞೆಯಿಲ್ಲ ಎಂದು ಯಾರೋ ಅಂದರು. ಪ್ರಜ್ಞೆಯಿತ್ತು. ಕಣ್ಣು ಕಾಲಬುಡದಲ್ಲಿ ಕುಳಿತಿದ್ದ ಭಾವನ ಮೇಲೇ ಇತ್ತು.

ಭಾವ ಎದ್ದು ಬಂದು ಮಗಳ ಕೈಯಿಂದ ಲೋಟ ತೆಗೆದುಕೊಂಡರು. ಅಕ್ಕನಿಗೆ ಕಾಣುವ ಹಾಗೆ ಎತ್ತಿ, ಅರ್ಧ ಲೋಟ ತಾವೇ ಕುಡಿದರು. ಮಗಳು "ಅಪ್ಪಯ್ಯಾ" ಎಂದು ಕೈ ಹಿಡಿಯಲು ಹೋದಳು. ಅವರು ಬಿಡಿಸಿಕೊಂಡರು.

"ಕಾಣ್, ನಾ ಕುಡ್ದೆ. ನಂಗ್ ಎಂತದೂ ಆಯ್ಲಿಲ್ಲೆ. ಇನ್ ನೀ ಕುಡಿ ಮಾರಾಯ್ತಿ."

ಅಕ್ಕ ಬಾಯಿ ತೆರೆದರು. ಒಂದು ಚಮಚ ಕುಡಿದರು, ಇನ್ನೊಂದಕ್ಕೆ ತುಟಿ ಚಾಚಿದರು, ಮತ್ತೊಂದಕ್ಕೂ. ಲೋಟ ಬರಿದಾಗುವವರೆಗೆ ಕುಡಿದರು. ಅವರಿಗೆ ಅಷ್ಟೊಂದು ಬಾಯಾರಿತ್ತು ಎಂದು ನಾವು ಯಾರೂ ತಿಳಿದಿರಲಿಲ್ಲ.

ಭಾವನೂ ಆ ಮಳೆಗಾಲ ದಾಟಲಿಲ್ಲ. ನಾನು ಈಗಲೂ ಊಟದ ನಡುವೆ ಲೋಟ ಎತ್ತಿದರೆ ಎದುರಿನವರ ಗಂಟಲು ನೋಡುತ್ತೇನೆ. ಕೆಲವು ದಿನ ನೀರು ಇಳಿಯುವುದೇ ಇಲ್ಲ. ಆಗ ಎದ್ದು ಹಿತ್ತಲಿಗೆ ಹೋಗಿ, ಗೋಡೆಯ ಕಡೆ ತಿರುಗಿ ನಿಂತು ಕುಡಿದು ಬರುತ್ತೇನೆ.