ಯಾರದೋ ಪ್ಲೇಟು, ನನ್ನ ನಾಚಿಕೆ

ನನಗೆ ಹಾಡಲು ಬರುವುದಿಲ್ಲ. ಅದರ ಬಗ್ಗೆ ನನಗೆ ಯಾವ ನಾಚಿಕೆಯೂ ಇಲ್ಲ. ಆದರೆ ಬೇರೆ ಯಾರಾದರೂ ಅಪಸ್ವರ ಹಾಡಿದರೆ ಕಿವಿ ಬಿಸಿಯಾಗುತ್ತದೆ, ಸೆರಗು ತಾನಾಗಿ ಬಾಯಿಗೆ ಬರುತ್ತದೆ, ನಾನೇ ಹಾಡಿ ಕೆಡಿಸಿದೆನೇನೋ ಅನ್ನುವ ಹಾಗೆ ನೆಲ ನೋಡುತ್ತೇನೆ. ಇಂಥ ಗುಣದವಳನ್ನು ನಮ್ಮಪ್ಪ ಹುಡುಕಿ ಹುಡುಕಿ ಗ್ರಾಮಾಫೋನು ಇರುವ ಮನೆಗೆ ಕೊಟ್ಟರು.

ಬೆಟ್ಟದಪುರದಲ್ಲಿ ಆಗ ಆ ಯಂತ್ರವಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಮ್ಮ ಯಜಮಾನರು ಹೊಲ ಗದ್ದೆಯ ವಿಚಾರದಲ್ಲಿ ಎಷ್ಟು ತಾಳ್ಮೆಯವರೋ ಸಂಗೀತದ ವಿಚಾರದಲ್ಲಿ ಅಷ್ಟೇ ಮುಂಗೋಪಿ. ಸುಗ್ಗಿ ಮುಗಿದ ಮೇಲೆ ಮೈಸೂರಿಗೆ ಹೋಗಿ ಆ ವರ್ಷದ ಹೊಸ ಪ್ಲೇಟುಗಳನ್ನು ತರುತ್ತಿದ್ದರು. ಹುಣಸೂರು ರಸ್ತೆಯ ಗುಂಡಿಗಳಲ್ಲಿ ಒಡೆಯದಿರಲೆಂದು ಗಾಡಿಯಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದು, ಜಗುಲಿಯಲ್ಲಿ ಕೂತು ಒಂದೊಂದನ್ನೇ ಹಾಕಿ, ಒಂದೊಂದನ್ನೇ ಬಯ್ಯುತ್ತಿದ್ದರು. ಅಷ್ಟು ಜೋಪಾನವಾಗಿ ತಂದದ್ದು ಬಯ್ಯುವುದಕ್ಕೇ ಏನೋ ಎಂದು ನನಗೆ ಅನುಮಾನ.

ನನ್ನ ನಾದಿನಿ ಸಾಕಮ್ಮನ ಮದುವೆ ಗೊತ್ತಾದ ವರ್ಷ ಮಾತ್ರ ಅವರು ಬೈದದ್ದರಲ್ಲಿ ಅನ್ಯಾಯವಿರಲಿಲ್ಲ. ಒಂದೇ ಮಟ್ಟನ್ನು ಒಬ್ಬರು ಶಿವನ ಮೇಲೆ ಹಾಡಿದ್ದರು, ಇನ್ನೊಬ್ಬರು ಕೃಷ್ಣನ ಮೇಲೆ, ಮತ್ತೊಬ್ಬರು ಕಾಫಿಯ ಮೇಲೆ. ಹಾರ್ಮೋನಿಯಂ ಮುಂದೆ ಓಡುತ್ತಿತ್ತು. ಹಾಡುವವರು ಪ್ಲೇಟು ಮುಗಿದುಹೋದೀತೆಂಬ ಭಯದಲ್ಲಿ ಅದರ ಹಿಂದೆ ಏದುತ್ತಿದ್ದರು. ನಾವು ಒಂದು ವರ್ಷ ಕಾದದ್ದು ಇದಕ್ಕಾ ಅನ್ನಿಸಿತು. ಕೇಳಲು ಬಂದ ಊರಿನವರು ಎಲೆ ಅಡಿಕೆ ಹಾಕಿಕೊಂಡು ಮಾತಾಡದೆ ಎದ್ದುಹೋದಾಗ, ಉಪ್ಪಿಲ್ಲದ ಊಟ ಬಡಿಸಿದವಳ ಹಾಗೆ ನಾನು ಒಳಗೆ ಕೂತಿದ್ದೆ.

ಹೀಗಿರುವಾಗ ಮಾತು ಮುಗಿಸಲು ಎಡತೊರೆಯಿಂದ ಬೀಗರು ಬಂದರು. ಗಂಡಿನ ತಂದೆ ನಂಜೇಗೌಡರು, ಜೊತೆಗೆ ಅವರ ಅಕ್ಕ ಚೆನ್ನಾಜಮ್ಮ. ಈಕೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮೈಸೂರಿನ ಒಂದು ನಾಟಕದ ಕಂಪನಿ ಸೇರಿದ್ದವರು. ಆ ಕಾರಣಕ್ಕೆ ನಂಜೇಗೌಡರು ಬಹಳ ವರ್ಷ ಅಕ್ಕನನ್ನು ಮನೆಗೆ ಕರೆದಿರಲಿಲ್ಲವಂತೆ. ಕಂಪನಿ ಬಿಟ್ಟು ಬಂದಮೇಲೆ, ಶುಭಕಾರ್ಯಕ್ಕೆಂದು ಜೊತೆಯಲ್ಲಿ ಕರೆತಂದದ್ದು ಇದೇ ಮೊದಲು. ಇಷ್ಟನ್ನೂ ನಮ್ಮತ್ತೆ ಮೊದಲೇ ನನ್ನ ಕಿವಿಗೆ ಹಾಕಿದ್ದರು.

ಊಟವಾಯಿತು. ಗಂಡಸರು ಜಗುಲಿಯಲ್ಲಿ, ನಾವು ಒಳಗೆ ಬಾಗಿಲ ಪಕ್ಕದಲ್ಲಿ. ನಮ್ಮ ಯಜಮಾನರು ಯಂತ್ರಕ್ಕೆ ಕೀಲಿ ಕೊಟ್ಟು, "ಬೀಗರೆ, ಈ ವರ್ಸದ ಸಂಗೀತ ಎಂಗೆ ಕೆಟ್ಟೋಗ್ಯದೆ ಅಂತ ತೋರಿಸ್ತೀನಿ, ಕೇಳಿ" ಅಂದು ಒಂದು ಪ್ಲೇಟು ಹಾಕಿದರು. ಒಂದು ಹೆಣ್ಣು ದನಿ ಮೇಲಕ್ಕೆ ಹೋಗಲು ನೋಡಿ, ಅರ್ಧದಲ್ಲಿ ಸಣ್ಣಗಾಯಿತು.

"ಇದೇನು ಎಂಗಸಿನ ಗಂಟ್ಲಾ, ಎಣ್ಣೆ ಕಾಣದ ಗಾಡಿ ಚಕ್ರವಾ?" ಅಂದರು ಯಜಮಾನರು. ಜಗುಲಿಯೆಲ್ಲ ನಕ್ಕಿತು. ನಂಜೇಗೌಡರ ನಗುವೇ ಎಲ್ಲರದಕ್ಕಿಂತ ಜೋರು.

ನನ್ನ ಪಕ್ಕದಲ್ಲಿ ಚೆನ್ನಾಜಮ್ಮ ಸುಣ್ಣ ಸವರುತ್ತಿದ್ದ ಎಲೆಯನ್ನು ಹಾಗೇ ಹಿಡಿದು ಕೂತಿದ್ದರು. ಆಮೇಲೆ ನನ್ನ ಕಡೆ ಬಾಗಿ, "ಅದು ನಾನೇ ಕಣವ್ವ. ಸುಮ್ಕಿರು, ಯಾರ್ಗೂ ಯೋಳ್ಬ್ಯಾಡ. ನಮ್ ತಮ್ಮಂಗೆ ಗೊತ್ತಿಲ್ಲ" ಅಂದರು.

ಪ್ಲೇಟಿನ ಮೇಲಿದ್ದ ಹೆಸರು ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಹೊರಗೆ ನನ್ನ ಗಂಡ ಆ ದನಿಗೆ ಇನ್ನಷ್ಟು ಉಪಮೆ ಹುಡುಕುತ್ತಿದ್ದಾರೆ, ಒಳಗೆ ಆ ದನಿಯೇ ನನ್ನ ಮೊಣಕೈಗೆ ತಾಗಿಕೊಂಡು ಕೂತಿದೆ. ಭೂಮಿ ಬಾಯಿ ಬಿಡಬಾರದೇ ಅಂತಾರಲ್ಲ, ಆ ಹೊತ್ತಿಗೆ ಅದು ಬಿಟ್ಟಿದ್ದರೆ ನಾನು ಯಜಮಾನರನ್ನು ಮುಂದೆ ತಳ್ಳಿ ಹಿಂದೆ ನಾನೂ ಇಳಿಯುತ್ತಿದ್ದೆ.

ಏನೂ ತೋಚದೆ ಮಜ್ಜಿಗೆಯ ಚೊಂಬು ಹಿಡಿದು ಹೊರಗೆ ಬಂದೆ. "ಸಾಕು, ನಿಲ್ಸಿ" ಅಂದೆ. ಬೀಗರ ಮುಂದೆ ನಾನು ಬಾಯಿ ತೆರೆದದ್ದೇ ದೊಡ್ಡ ವಿಷಯ.

"ಯಾಕೆ?"

"ನಂಗೆ... ತಲೆನೋವು."

"ನೋಡುದ್ರಾ ಬೀಗರೆ! ನಮ್ಮನೆಯೋಳ್ಗೆ ತಲೆನೋವೂ ಬಂತು!"

ನಗು ಇಮ್ಮಡಿಯಾಯಿತು. ಬೆಂಕಿ ಆರಿಸಲು ಹೋಗಿ ಎಣ್ಣೆ ಸುರಿದು ಬಂದವಳು ನಾನು. ಚೊಂಬು ಹಿಡಿದುಕೊಂಡು ಹಿಂದೆ ತಿರುಗಿದರೆ ಬಾಗಿಲಲ್ಲಿ ಚೆನ್ನಾಜಮ್ಮ ನಿಂತಿದ್ದರು.

"ಆ ತಲೆನೋವು ನಾನೇ ಕಣಪ್ಪ" ಅಂದರು.

ಯಜಮಾನರು ತಟ್ಟನೆ ಪ್ಲೇಟಿನ ಮೇಲಿಂದ ಮುಳ್ಳೆತ್ತಿದರು. ನಂಜೇಗೌಡರು ಎದ್ದು ನಿಂತು ತಮ್ಮ ಪೇಟಕ್ಕಾಗಿ ತಡಕಾಡಿದರು. ಸಾಕಮ್ಮನ ಮದುವೆ ಆ ಪೇಟದ ಜೊತೆ ಎದ್ದುಹೋಗುವುದು ನನ್ನ ಕಣ್ಣಿಗೆ ಕಂಡಿತು.

"ಕೂತ್ಕೋ ತಮ್ಮ. ಪದ ಆಡಿದ್ದು ನಾನು, ನೀನ್ಯಾಕೆ ಏಳ್ತೀಯ?" ಅಂದ ಚೆನ್ನಾಜಮ್ಮ ಯಜಮಾನರ ಕಡೆ ತಿರುಗಿ, "ಪ್ಲೇಟ್ ಆಗ್ಯದೆ ಅಂತ ಗೊತ್ತಿತ್ತು, ಒಂದ್ ಸತಿನೂ ಕೇಳಿರ್ಲಿಲ್ಲ. ಇನ್ನೊಂದ್ ಕಿತ ಆಕಪ್ಪ, ಪೂರ್ತಿ" ಅಂದರು.

ಯಜಮಾನರು ಹೊಸ ಮುಳ್ಳು ಸಿಕ್ಕಿಸಿ, ತಲೆ ಎತ್ತದೆ ಕೀಲಿ ಕೊಟ್ಟರು. ಆಕೆ ದನಿ ಬರುವ ಕೊಳವೆಯ ಎದುರಿಗೆ ನೆಲದ ಮೇಲೆ ಕೂತು ಕೇಳಿದರು. ನಿಜ ಹೇಳಬೇಕು, ಹಾಡು ಈಗಲೂ ಚೆನ್ನಾಗಿರಲಿಲ್ಲ. ನಾಚಿಕೆಗೆ ಎಷ್ಟೋ ಶಕ್ತಿ ಇದೆ, ಆದರೆ ಅಪಸ್ವರವನ್ನು ಸ್ವರ ಮಾಡುವ ಶಕ್ತಿ ಇಲ್ಲ. ದನಿ ಸಣ್ಣಗಾದ ಕಡೆ ಆಕೆಯೇ ನಕ್ಕು, "ಇಲ್ಲಿ ಕೆಮ್ಮು ನುಂಗ್ಕಂಡೆ. ಜರ ಬಂದಿತ್ತು" ಅಂದರು.

ಹಾಡು ಮುಗಿಯಿತು. ಆಗಿನ ಕೆಲವು ಪ್ಲೇಟುಗಳಲ್ಲಿ ಹಾಡಿದವರು ಕೊನೆಗೆ ತಮ್ಮ ಹೆಸರು ತಾವೇ ಹೇಳುತ್ತಿದ್ದರು. ಮೆಚ್ಚಿಗೆಯಾಗದ ಪ್ಲೇಟನ್ನು ಯಜಮಾನರು ಆ ಕೊನೆಯವರೆಗೆ ಎಂದೂ ಓಡಲು ಬಿಟ್ಟವರಲ್ಲ. ಒಂದಿಷ್ಟು ಗರಗರದ ನಡುವೆ, ಹಾಡಿದ್ದಕ್ಕಿಂತ ಎಷ್ಟೋ ಚೆನ್ನಾದ ದನಿಯಲ್ಲಿ ಕೊಳವೆ ಹೇಳಿತು: "ಎಡತೊರೆ ಚೆನ್ನಾಜಮ್ಮ."

ನಂಜೇಗೌಡರು ಕೂತರು. ಪೇಟವನ್ನು ಕೈಯಲ್ಲಿ ತಿರುಗಿಸುತ್ತಾ, "ಮೈಸೂರು ಅನ್ಬೋದಾಗಿತ್ತು. ನಮ್ಮೂರ ಎಸ್ರು ಯಾಕವ್ವ ಯೋಳ್ದೆ?" ಅಂದರು.

"ಇನ್ಯಾವೂರು ಯೋಳ್ಳಿ? ನೀನು ಕರೀದಿದ್ರೂ ನಮ್ಮೂರು ಅದೇ ಅಲ್ವಾ?"

ಅವರು ಕೈಯಲ್ಲಿದ್ದ ಪೇಟದಲ್ಲೇ ಮುಖ ಒರೆಸಿಕೊಂಡರು. ಯಜಮಾನರು ತಡವರಿಸುತ್ತಾ, "ಪೂರ್ತಿ ಕೇಳುದ್ರೆ ಚೆಂದಾಗೇ ಅದೆ" ಅಂದರು. "ಸುಳ್ಳು ಯೋಳ್ಬ್ಯಾಡ ಬುಡಪ್ಪ" ಅಂದರು ಚೆನ್ನಾಜಮ್ಮ. ಈ ಸಲದ ನಗುವಿನಲ್ಲಿ ನಾನೂ ಸೇರಿದೆ.

ಆ ಮಧ್ಯಾಹ್ನ ಅಕ್ಕನಿಗಾಗಿ ನಂಜೇಗೌಡರು ನಾಚಿದರು, ಆಡಿದ ಮಾತಿಗಾಗಿ ನನ್ನ ಗಂಡ ನಾಚಿದರು, ಗಂಡನಿಗಾಗಿ ನಾನು ನಾಚಿದೆ. ಹಾಡಿದವರೊಬ್ಬರೇ ನಾಚದೆ ಕೂತು ತಮ್ಮ ಹಾಡು ಕೇಳಿದರು. ಬಿತ್ತಿದವರ ಹೊಲ ಬಿಟ್ಟು ಅಕ್ಕಪಕ್ಕದ ಹೊಲದಲ್ಲೇ ಹುಲುಸಾಗಿ ಬರುವ ಬೆಳೆ ಈ ನಾಚಿಕೆಯೊಂದೇ ಇರಬೇಕು.

ಮದುವೆ ಎಡತೊರೆಯಲ್ಲಿ. ಗಂಡಿನ ಮನೆಯವರ ಅಪ್ಪಣೆಯ ಮೇಲೆ ಗ್ರಾಮಾಫೋನೂ ಗಾಡಿ ಹತ್ತಬೇಕಾಯಿತು. ಅದನ್ನು ಕರೆಯಲು ನಂಜೇಗೌಡರು ತಾವೇ ಬಂದಿದ್ದರು. ನಮ್ಮ ಯಜಮಾನರು ಪ್ಲೇಟುಗಳನ್ನು ಹರಡಿಕೊಂಡು, "ಚಪ್ಪರದಲ್ಲಿ ಅಷ್ಟ್ ಜನದ ಮುಂದೆ ಆಕಕ್ಕೆ ಈ ವರ್ಸದ್ದು ಒಳ್ಳೇದು ಒಂದೂ ಇಲ್ವಲ್ಲ ಬೀಗರೆ" ಎಂದು ಪೇಚಾಡಿದರು.

"ಒಳ್ಳೇದು ಯಾರ್ಗ್ ಬೇಕು," ಅಂದರು ನಂಜೇಗೌಡರು, "ನಮ್ಮಕ್ಕನ್ದು ತನ್ನಿ."