ಉತ್ತರದ ಗೋಡೆ

ಚಾಚಾ ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಚಪ್ಪಟೆಯಾಗಿ, ಬೇರೆಯೇ ದಿಕ್ಕಿಗೆ ತಿರುಗಿತ್ತು. ನೆಲಕ್ಕೆ ಕುಳಿತು, ಹಲಗೆಯನ್ನು ಆ ಬೆರಳಿನಿಂದ ಒತ್ತಿ ಹಿಡಿದು ಉಳಿ ಹೊಡೆಯುತ್ತಿದ್ದರು. ನಲವತ್ತು ವರ್ಷದ ಬಡಗಿತನ ಆ ಬೆರಳನ್ನು ಹಾಗೆ ಮಾಡಿತ್ತು.

ಮುರಗೋಡದಿಂದ ದಿನಾ ಮುಂಜಾನೆ ಬಸ್ಸಿಗೆ ಬೈಲಹೊಂಗಲಕ್ಕೆ, ನನ್ನ ಕೆಲಸಕ್ಕೆ ಬರುತ್ತಿದ್ದರು. ಯಾವ ಮನೆಗೆ ಹೋದರೂ ಮೊದಲು ಟೇಪು ತೆಗೆಯುತ್ತಿರಲಿಲ್ಲ. ಮೂಲೆಯಲ್ಲಿ ಕುಳಿತು ಚಹಾ ಕುಡಿಯುತ್ತ, “ಈ ಖೋಲ್ಯಾಗ ಯಾರ ಮಲಗತಾರ್ರಿ? ಎದ್ದ ಕೂಡ್ಲೆ ಕಾಲು ಎಲ್ಲಿ ಇಡತಾರ?” ಎಂದು ಕೇಳುತ್ತಿದ್ದರು. ಬೆಳಗಾವಿಯಲ್ಲಿ ಒಳಾಂಗಣ ವಿನ್ಯಾಸ ಕಲಿತು ಆಗಷ್ಟೇ ಅಂಗಡಿ ತೆರೆದಿದ್ದ ನನಗೆ ಈ ನಿಧಾನ ಸಹನೆ ಕೆಡಿಸುತ್ತಿತ್ತು.

ನನ್ನ ಮೊದಲ ದೊಡ್ಡ ಕೆಲಸ ಒಬ್ಬ ಸಾಲಿ ಅಕ್ಕೋರದು, ಅಂದರೆ ಶಾಲೆಯ ಶಿಕ್ಷಕಿಯದು. ಅವರ ತಂಗಿ ಆಸ್ಟ್ರೇಲಿಯಾದಲ್ಲಿದ್ದಳು. ಅಲ್ಲಿನ ಮನೆಗಳ ಫೋಟೋಗಳನ್ನು ಅವಳು ಕಳಿಸುತ್ತಲೇ ಇದ್ದಳು: ಬಿಳಿ ಗೋಡೆ, ತಿಳಿ ಬಣ್ಣದ ಕಟ್ಟಿಗೆ, ಬೆತ್ತದ ಕುರ್ಚಿ, ಗಾಜಿನ ಜಾಡಿಯಲ್ಲಿ ನೀಲಗಿರಿ ಟೊಂಗೆ, ಗೋಡೆಯಗಲ ಕಿಟಕಿ. ಅಕ್ಕೋರಿಗೆ ಅವುಗಳಲ್ಲಿ ಹಿಡಿಸಿದ್ದು ಕಿಟಕಿ ಒಂದೇ. ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಿದ್ದ ಅವರ ತಾಯಿ ಚಳಿ ತಡೆಯಲಾರದೆ, “ನನ್ನ ಬಿಸಲಾಗ ಒಯ್ದ ಹಾಕ್ರ್ಯೋ” ಎಂದು ದಿನವೂ ಅಳುತ್ತಿದ್ದರಂತೆ.

ಅಕ್ಕೋರು ಓದದೇ ನನಗೆ ಕಳಿಸಿದ ಫೋಟೋದ ಜೊತೆಗಿನ ಬರಹದಲ್ಲಿ, ಉತ್ತರಕ್ಕೆ ದೊಡ್ಡ ಗಾಜು ಇಟ್ಟರೆ ಚಳಿಗಾಲವಿಡೀ ಕೋಣೆಯಲ್ಲಿ ಬಿಸಿಲು ತುಂಬುತ್ತದೆ ಎಂದಿತ್ತು. ತಾಯಿಯ ಕೋಣೆಗೆ ನಾನು ಹಾಗೇ ನಕ್ಷೆ ಬರೆದೆ. ಚಾಚಾ ಒಮ್ಮೆ ಮಾತ್ರ ಕೇಳಿದರು.

“ಉತ್ತರಕ್ಕ ಏನ ಬೇಟಾ?”

“ಬಲ್ಲವರು ಬರದಾರ ಚಾಚಾ,” ಎಂದೆ. ಗೌಂಡಿ ಗೋಡೆ ಒಡೆದ. ಚಾಚಾ ಚೌಕಟ್ಟು ಕೂಡಿಸಿದರು.

ವಾರ ಕಳೆದರೂ ಒಳಗೆ ಬೆಳಕು ಬಂತೇ ಹೊರತು ಬಿಸಿಲು ಬರಲಿಲ್ಲ. ಒಂದು ದಿನ ಚಾಚಾ ಬೇರೆ ಕೆಲಸ ಬಿಟ್ಟು, ಸುಣ್ಣದ ಕಡ್ಡಿ ಹಿಡಿದು ಆ ಕೋಣೆಯಲ್ಲೇ ಹೊತ್ತು ಮುಳುಗುವ ತನಕ ಕುಳಿತರು. ದಕ್ಷಿಣದ ಗೋಡೆಯಲ್ಲಿ ಅಂಗೈಯಗಲದ ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬಿಸಿಲು ನೆಲದ ಮೇಲೆ ಸರಿದಂತೆಲ್ಲ ಸುತ್ತ ಗೆರೆ ಎಳೆದಿದ್ದರು. ಸಂಜೆ ನನ್ನನ್ನು ಕರೆದು ತೋರಿಸಿದರು.

“ಆ ದೇಶದಾಗ ಸೂರ್ಯ ಯಾವ ಕಡಿಂದ ಹಾಯತಾನ, ನೋಡ್ ನಿನ್ನ ಮೊಬೈಲದಾಗ.”

ನೋಡಿದೆ. ಭೂಮಿಯ ಕೆಳಗಿನ ಅರ್ಧದಲ್ಲಿರುವ ಆ ನಾಡಿಗೆ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ನಮಗೆ ಚಳಿಗಾಲದಲ್ಲಿ ದಕ್ಷಿಣದಿಂದ. ಶಾಲೆಯಲ್ಲಿ ಓದಿದ್ದನ್ನೇ ಮರೆತು ಒಬ್ಬರ ಮನೆಯ ಗೋಡೆ ಒಡೆಸಿದ್ದೆ.

ಮರುದಿನ ಅಕ್ಕೋರು ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಚಾಚಾ ಮುಂದೆ ಬಂದರು. “ಅಕ್ಕೋರ, ತಪ್ಪಾತ್ರಿ. ಈ ಹುಡುಗಿ ಸರಿ ಹೇಳಿದ್ಲು, ನಾನ ಗ್ವಾಡಿ ಅದಲಿ ಬದಲಿ ಮಾಡೇನಿ. ದಕ್ಷಿಣಕ್ಕ ಕಿಡಕಿ ಕೂಡಿಸಿ ಕೊಡತೇನಿ.”

ಅಕ್ಕೋರು ಸಿಟ್ಟಾದರು. “ವಯಸ್ಸಾದ ಮ್ಯಾಲೆ ಮನ್ಯಾಗ ಕುಂದರಬೇಕ್ರಿ. ಮಂದಿ ಮನಿ ಯಾಕ ಕೆಡಸತೀರಿ?” ಎಂದರು. ಚಾಚಾ ತಲೆ ಎತ್ತಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ.

ಹದಿನೈದು ದಿನದಲ್ಲಿ ಕಿಟಕಿ ದಕ್ಷಿಣಕ್ಕೆ ಬಂತು. ಆ ಮುಂಜಾನೆ ಮುದುಕಿ ಬಿಸಿಲು ಬಿದ್ದ ತಮ್ಮ ಮೊಣಕಾಲನ್ನು ಸವರಿಕೊಳ್ಳುತ್ತಲೇ ಇದ್ದರು. ಆ ಕೋಣೆ ನೋಡಲು ಊರಿನ ಮಂದಿ ಬಂದರು. ಹೆಸರು ನನಗಾಯಿತು. ಕಿತ್ತೂರಿನ ಒಬ್ಬರು ಮನೆ ಕೆಲಸ ಒಪ್ಪಿಸುತ್ತ, “ಆ ಮುದಕ ಬಡಗಿ ಬ್ಯಾಡ್ರಿ, ಅಕ್ಕೋರ ಮನ್ಯಾಗ ಗ್ವಾಡಿ ತಪ್ಪಿ ಒಡದಾರಂತ” ಎಂದರು. ಆಗಲೂ ನಾನು ನಿಜ ಹೇಳಲಿಲ್ಲ. ಬೇರೆ ಬಡಗಿಯನ್ನು ಕರೆದೊಯ್ದೆ.

ಅದಾದ ಮೇಲೆ ಚಾಚಾ ಅವರ ಮುಖ ನೋಡಲು ಅಳುಕಿ, ಕೊನೆಗೊಂದು ದಿನ ಮುರಗೋಡಕ್ಕೆ ಹೋಗಿ ಎಲ್ಲವನ್ನೂ ಹೇಳಿ ಅತ್ತೆ. ಅವರು ಕಟ್ಟಿಗೆ ಹೆರೆಯುವ ರಂಧ ಒರೆಸುತ್ತ ಕುಳಿತಿದ್ದರು.

“ನನಗ ಅನುಮಾನ ಬಂದಿತ್ತು ಬೇಟಾ. ಒಂದ ಸಲ ಕೇಳಿ ಸುಮ್ಮನಾದೆ, ಎರಡನೇ ಸಲ ಕೇಳಬೇಕಿತ್ತು. ಅಷ್ಟು ತಪ್ಪು ನಂದೂ ಐತಿ. ನನಗ ಇನ್ನ ಎಷ್ಟ ಮನಿ ಕೆಲಸ ಉಳದಾವು? ನಿನಗ ಅದ ಮೊದಲನೇದು.” ಹೆಂಡತಿಯನ್ನು ಕೂಗಿ ನನಗೆ ಚಹಾ ತರಿಸಿದರು. ಆ ಮಾತು ಮತ್ತೆ ಎತ್ತಗೊಡಲಿಲ್ಲ.

ಮುಂದೆ ಮೂರು ವರ್ಷ ನನ್ನ ಕೆಲಸವೆಲ್ಲ ಅವರದೇ ಕೈಯಲ್ಲಿ ನಡೆಯಿತು. ಬಡಗಿ ಯಾರು ಎಂದು ಕೇಳಿದವರಿಗೆ ಅವರ ಹೆಸರನ್ನೇ ಮೊದಲು ಹೇಳುತ್ತಿದ್ದೆ. ಆ ಗೋಡೆಯ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹೋದ ಶ್ರಾವಣದಲ್ಲಿ ಚಾಚಾ ತೀರಿಕೊಂಡರು. ಮಣ್ಣು ಮುಗಿದ ಮೂರನೇ ದಿನ ಅಕ್ಕೋರ ಮನೆಗೆ ಹೋದೆ. ಅವರ ತಾಯಿ ಕಿಟಕಿಯ ಹತ್ತಿರ ನಿದ್ದೆ ಹೋಗಿದ್ದರು. ನಡೆದದ್ದನ್ನು ನಿಂತಲ್ಲೇ ಹೇಳಿದೆ. ಅಕ್ಕೋರು ನನ್ನನ್ನು ಬೈಯಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಂಡರು.

“ಹಿಂದಿನ ವಾರ ಬಸ್ ಸ್ಟ್ಯಾಂಡಿನಾಗ ಸಿಕ್ಕಿದ್ರವಾ. ‘ಅವ್ವಾರು ಹೆಂಗ ಅದಾರ್ರಿ’ ಅಂತ ಕೇಳಿದ್ರು. ನಾ ಮಾರಿ ತಿರುವಿ ಹೋದೆ.”