ಕಾಲುವೆ ದಾರಿಯಲ್ಲಿ ಅಮೆರಿಕದ ಪಾಠ

ಅಮೆರಿಕದ ಇತಿಹಾಸವೆಂದರೆ ಪರೀಕ್ಷೆಯ ಹಿಂದಿನ ವಾರ ಗೈಡು ತಂದು ಉರು ಹೊಡೆಯುವ ಪತ್ರಿಕೆ ಎಂದು ನಮ್ಮ ಸೀಮೆಯ ವಿದ್ಯಾರ್ಥಿಗಳು ತಿಳಿದಿದ್ದ ಕಾಲದಲ್ಲಿ, ಎರಡನೆಯ ಮಹಾಯುದ್ಧದ ನಂತರದ ಆ ದೇಶದ ಬದುಕನ್ನು ನಮ್ಮ ಕೇರಿಯ ಹೆಂಗಸರೂ ಕೂತು ಕೇಳುವಂತೆ ಹೇಳಿಕೊಟ್ಟವರು ಪ್ರೊ. ಉಮ್ಮೇ ಕುಲ್ಸುಮ್ ಅವರು. ಕಲ್ಯಾಣ ಕರ್ನಾಟಕದ ಇತಿಹಾಸ ಅಧ್ಯಾಪಕರಲ್ಲಿ ಅವರಿಗಿರುವ ಹಿರಿಯ ಸ್ಥಾನವನ್ನು ಈ ಅಭಿನಂದನ ಸಂಪುಟದ ವಿದ್ವಾಂಸರು ಬಲ್ಲರು. ಅವರ ಶಿಷ್ಯೆಯಾದ ನಾನು ಒಂದು ನಾಟಿಯ ಹಂಗಾಮಿನ ಕಥೆಯನ್ನಷ್ಟೇ ಹೇಳುತ್ತೇನೆ. ಅದನ್ನು ನೆನೆದರೆ ಇಂದಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ರಾಯಚೂರಿನ ಕೋಟೆಯ ಪಕ್ಕದ ಓಣಿಯಲ್ಲಿ, ದಖನಿ ಮಾತಾಡುವ ಮನೆಯಲ್ಲಿ ಹುಟ್ಟಿದ ಮೇಡಂ ಸೇವೆಗೆ ಸೇರಿದ್ದು ದೇವದುರ್ಗದಲ್ಲಿ. ಅಲ್ಲಿಂದ ಮಾನ್ವಿಗೆ ವರ್ಗವಾಗಿ ಬಂದಾಗ ನಾನು ಬಿ.ಎ. ವಿದ್ಯಾರ್ಥಿನಿ. ಯುದ್ಧ ಮುಗಿಸಿ ಮರಳಿದ ಸೈನಿಕರಿಗೆ ಸರ್ಕಾರ ಓದಲು, ಮನೆ ಕಟ್ಟಲು ನೆರವಾದದ್ದು, ಪಟ್ಟಣದ ಹೊರಗೆ ಹೊಸ ಬಡಾವಣೆಗಳೆದ್ದದ್ದು, ಆ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಸಿಗದೇ ಹೋದದ್ದು, ಇವನ್ನೆಲ್ಲ ಅವರು ನಿನ್ನೆ ಕಣ್ಣಾರೆ ಕಂಡು ಬಂದವರಂತೆ ಹೇಳುತ್ತಿದ್ದರು. ಒಂದು ಸೋಮವಾರ ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಪಾಠವಾಯಿತು. ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ಒಬ್ಬ ಹೆಣ್ಣುಮಗಳು ಬಂಧನಕ್ಕೊಳಗಾದಳು, ಆ ಊರಿನ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟರು ಎಂದು ಕೇಳಿದ ನನಗೆ ಮೈಯೆಲ್ಲ ಜುಮ್ಮೆಂದಿತು.

ಅದಕ್ಕೆ ಕಾರಣವಿತ್ತು. ಪೋತ್ನಾಳದಿಂದ ಒಳಗಿರುವ ನಮ್ಮ ಹಳ್ಳಿಗೆ ಆಗ ಬಸ್ಸಿರಲಿಲ್ಲ. ಮಾನ್ವಿಯವರೆಗೆ ಓಡುವ ಮರಿಸ್ವಾಮಿ ಎಂಬವರ ಕ್ರೂಸರ್ ಗಾಡಿಯೊಂದೇ ಗತಿ. ಅದರಲ್ಲಿ ನಡುವಿನ ಸೀಟು ಖಾಲಿಯಿದ್ದರೂ ನಮ್ಮ ಕೇರಿಯವರು ಹಿಂಬದಿಯಲ್ಲೇ ಕೂರಬೇಕು, ಇಲ್ಲವೇ ಏಣಿ ಹಿಡಿದು ನಿಲ್ಲಬೇಕು. ಯಾರೂ ಬರೆದಿಟ್ಟ ನಿಯಮವಲ್ಲ, ಯಾರೂ ಮೀರಿದ್ದೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ನಡುವಿನ ಸೀಟಿನಲ್ಲಿ ಕೂತೆ.

"ಏ ಉಮಾ, ಹಿಂದಕ ಹೋಗವ್ವಾ. ಮುಂದ ಗೌಡ್ರ ಮನಿಯವ್ರು ಹತ್ತತಾರ," ಎಂದರು ಮರಿಸ್ವಾಮಿ.

"ಹತ್ತಲಿ ಅಣ್ಣಾ. ಇನ್ನಾ ಮೂರು ಮಂದಿಗೆ ಜಾಗ ಅದ."

"ಹಂಗಂದ್ರ ಇಳಿ."

ಕಾಲುವೆಯ ಸೇತುವೆಯ ಮೇಲೆ ಇಳಿದೆ. ನನ್ನ ಜೊತೆ ಕಾಲೇಜಿಗೆ ಬರುತ್ತಿದ್ದ ಕೇರಿಯ ಗೆಳತಿಯರಿಬ್ಬರೂ ನನ್ನ ಹಿಂದೆಯೇ ಇಳಿದರು. ಪೋತ್ನಾಳದವರೆಗೆ ನಡೆದು, ಅಲ್ಲಿ ಸರ್ಕಾರಿ ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಮೇಡಂ ಪಾಠ ಮುಗಿಸಿ ಹೊರಬರುತ್ತಿದ್ದರು. ನಾನು ಏದುಸಿರಿನಲ್ಲೇ ಎಲ್ಲವನ್ನೂ ಒದರಿದೆ. ಬೆನ್ನು ತಟ್ಟುತ್ತಾರೆಂದು ಕಾದರೆ, ಅವರು ಕೇಳಿದ್ದೇ ಬೇರೆ.

"ಮನ್ಯಾಗ ಹೇಳೀರೇನವ್ವಾ? ಆಕಿ ಸೀಟು ಬಿಡಲಿಲ್ಲ ಅಂಬೋದು ನಿಮಗ ನೆನಪದ. ಆಕಿ ಹಿಂದ ಎಷ್ಟು ಮಂದಿ ಹೆಣ್ಮಕ್ಕಳು ವರ್ಷಾನುಗಟ್ಲೆ ತಯಾರಿ ಮಾಡಿದ್ರು ಅಂಬೋದು ಮರ್ತೀರೇನು?"

ಮನೆಯಲ್ಲಿ ಹೇಳಿರಲಿಲ್ಲ. ಹೇಳಿದಾಗ ಅಪ್ಪ ರಾಮಲಿಂಗಪ್ಪ ತಲೆಯ ಮೇಲೆ ಕೈಹೊತ್ತು ಕೂತರು. ಊರಿನೊಂದಿಗೆ ಜಗಳ ಬೇಡ, ಕಾಲೇಜು ಬಿಡಿಸೋಣ, ಬಂದಿರುವ ಸಂಬಂಧಕ್ಕೆ ಒಪ್ಪಿಕೊಳ್ಳೋಣ ಎಂದು ಮನೆಯ ಹಿರಿಯರೆಲ್ಲ ಒಂದೇ ದನಿಯಲ್ಲಿ ನುಡಿದರು. ಶನಿವಾರ ಹೋಗಿ ಮೇಡಂಗೆ ಎಲ್ಲವನ್ನೂ ತಿಳಿಸಿದೆ.

ಭಾನುವಾರ ಅವರು ನಮ್ಮ ಕೇರಿಗೆ ಬಂದರು! ಪೋತ್ನಾಳದಿಂದ ನಡೆದೇ ಬಂದಿದ್ದರು. ಬುದ್ಧವಿಹಾರದ ಕಟ್ಟೆಯ ಮೇಲೆ ಕೂತು, ನನ್ನನ್ನು ಓದಿಸಿರೆಂದು ಒಂದು ಮಾತೂ ಬೇಡದೆ, ಮಾಂಟ್ಗೊಮರಿಯ ಕಥೆಯನ್ನೇ ಮೊದಲಿನಿಂದ ಹೇಳಿದರು. ನಾಟಿಯ ಗುಂಪಿಗೆ ಹಿರಿಯಳಾದ ನನ್ನ ತಾಯಿ ಅಮರಮ್ಮ ಹತ್ತಿರ ಸರಿದು ಕೇಳಿದಳು.

"ಅವ್ರೂ ನಮ್ಹಂಗ ಕೂಲಿ ಹೋಗೋರೇನ್ರೀ ಅಕ್ಕೋರ?"

"ಹೌದು ಯವ್ವಾ. ಮಂದಿ ಮನ್ಯಾಗ ಪಾತ್ರಿ ತಿಕ್ಕೋರು, ಕೂಸು ಆಡಸೋರು. ವರ್ಷದ ಮ್ಯಾಲ ನಡದ್ರು."

"ಕಾಲು ನೋಯಲಿಲ್ಲೇನು?"

"ನೊಂದಿರಬೇಕು. ಆದ್ರ ಖಾಲಿ ಬಸ್ಸು ತಮ್ಮ ಕಣ್ಮುಂದ ಹೋಗೂದು ದಿನಾ ನೋಡ್ತಿದ್ರಲ್ಲ!"

ಅವ್ವ ಬಿದ್ದು ಬಿದ್ದು ನಕ್ಕಳು. ಎದ್ದು ಸೆರಗು ಸಿಕ್ಕಿಸಿಕೊಂಡು, "ನಾಳಿಂದ ನಾವೂ ನಡೆಯೋದು. ಹುಡುಗಿ ಕಾಲೇಜಿಗೆ ಹೋಗ್ತಾಳ," ಎಂದಳು. ಅಪ್ಪನೂ ತಲೆಯಾಡಿಸಿದರು.

ಮರುದಿನ ಕಾಲುವೆಯ ದಂಡೆಯ ಮೇಲೆ ಇಡೀ ಕೇರಿ ನಡೆಯಿತು. ನಾಟಿಗೆ ಹೊರಟ ಹೆಂಗಸರು ಮುಂದೆ, ಪುಸ್ತಕ ಹಿಡಿದ ನಾವು ಹಿಂದೆ. ಮರಿಸ್ವಾಮಿಯ ಗಾಡಿ ಹಿಂಬದಿಯೆಲ್ಲ ಖಾಲಿಯಾಗಿ ಧೂಳೆಬ್ಬಿಸುತ್ತ ಪಕ್ಕದಲ್ಲೇ ಹೋದಾಗ ಹೆಂಗಸರು ಕೇಕೆ ಹಾಕಿದರು. ಮೇಡಂ ನಮಗಾಗಿ ಪ್ರಾಂಶುಪಾಲರನ್ನು ಕೇಳಿ ಅಮೆರಿಕದ ಪಾಠವನ್ನು ಕೊನೆಯ ಅವಧಿಗೆ ಬದಲಾಯಿಸಿಕೊಂಡರು, ತಪ್ಪಿಹೋದ ಬೇರೆ ಪಾಠಗಳನ್ನು ಊಟದ ಬಿಡುವಿನಲ್ಲಿ ತಮ್ಮ ಬುತ್ತಿಯನ್ನು ನಮಗೆ ಹಂಚುತ್ತ ತಾವೇ ಹೇಳಿಕೊಟ್ಟರು. ಎಷ್ಟೋ ಸಂಜೆ ಪೋತ್ನಾಳದಲ್ಲಿಳಿದು ನಮ್ಮ ಜೊತೆ ಊರವರೆಗೂ ನಡೆದರು. ಕೆಲಸ ಮುಗಿಸಿ ಮರಳುವ ಹೆಂಗಸರು ಅವರನ್ನು ಸುತ್ತುವರಿಯುತ್ತಿದ್ದರು. ಯುದ್ಧಕಾಲದಲ್ಲಿ ಕಾರ್ಖಾನೆ ನಡೆಸಿದ ಹೆಣ್ಣುಮಕ್ಕಳಲ್ಲಿ ಅನೇಕರನ್ನು ಯುದ್ಧ ಮುಗಿದೊಡನೆ ಮನೆಗೆ ಕಳಿಸಿದರೆಂದು ಕೇಳಿ ಅವ್ವ ದಾರಿಯಲ್ಲೇ ನಿಂತುಬಿಟ್ಟಳು.

"ಕೆಲಸ ಮಾಡಿಸ್ಕೊಂಡು ಮತ್ತ ಒಲಿ ಮುಂದ ಕುಂದರಿಸಿದ್ರಾ? ಅವ್ರು ಸುಮ್ಮ ಕುಂತ್ರೇನು?"

"ಕುಂದರ್ಲಿಲ್ಲ ಯವ್ವಾ. ಅದು ನಾಳಿನ ಪಾಠ."

ಆ ನಾಳೆಗಾಗಿ ಗದ್ದೆಯಲ್ಲಿ ಹೆಂಗಸರು ಕಾಯುತ್ತಿದ್ದರು!

ಹೆಂಗಸರು ನಡೆದು ಗದ್ದೆ ಮುಟ್ಟುವಷ್ಟರಲ್ಲಿ ಹೊತ್ತೇರುತ್ತಿದ್ದುದರಿಂದ ಇತ್ತ ನಾಟಿ ತಡವಾಗುತ್ತ ಹೋಯಿತು. ಬೇರೆ ಊರಿನಿಂದ ಆಳು ತರಲು ನೋಡಿದ ಹೊಲದವರಿಗೆ ಆ ಹಂಗಾಮಿನಲ್ಲಿ ಒಬ್ಬರೂ ಸಿಗಲಿಲ್ಲ. ಕೆಲವರು ನಮ್ಮನ್ನು ಬೈದರು, ಹೆಚ್ಚಿನವರು ಮರಿಸ್ವಾಮಿಯನ್ನು ಬೈದರು. ಹಂಗಾಮು ಮುಗಿಯುವ ಮುನ್ನ ಒಂದು ಬೆಳಿಗ್ಗೆ ಗಾಡಿ ನಮ್ಮ ಮುಂದೆ ಬಂದು ನಿಂತಿತು.

"ಬರ್ರಿ ಯವ್ವಾ, ಎಲ್ಲಿ ಬೇಕಲ್ಲಿ ಕುಂದರ್ರಿ," ಎಂದರು ಮರಿಸ್ವಾಮಿ ಕೆಳಗಿಳಿದು.

ಅವ್ವ ಹತ್ತಲಿಲ್ಲ. "ಇವತ್ತಷ್ಟೇನೋ, ದಿನಾನೋ?"

"ದಿನಾ."

"ಒಳಗ ಕುಂತೋರಿಗೂ ಕೇಳೂವಂಗ ಹೇಳು."

"ದಿನಾ!" ಎಂದು ಅವರು ಕೂಗಿದರು. ಒಳಗಿದ್ದ ಇಬ್ಬರು ಮುಖ ಗಂಟಿಕ್ಕಿ ಇಳಿದು ಹೋದರು. ಅವ್ವ ಚಾಲಕನ ಪಕ್ಕದ ಸೀಟಿನಲ್ಲೇ ಕೂತಳು. ನಾವು ಮೂವರು ನಡುವಿನ ಸೀಟಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ನಗುತ್ತಲೋ ಅಳುತ್ತಲೋ ಮಾನ್ವಿ ಮುಟ್ಟಿದ್ದೇ ತಿಳಿಯಲಿಲ್ಲ.

ಸುದ್ದಿ ಕೇಳಿ ಮೇಡಂ ಚಪ್ಪಾಳೆ ತಟ್ಟಿ ನಕ್ಕರು. ಆದರೆ ಆ ದಿನದ ಪಾಠದಲ್ಲಿ, ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾನೂನು ಬಂದ ಮೇಲೂ ಅಲ್ಲಿನ ನಗರಗಳು ಹೊತ್ತಿ ಉರಿದದ್ದನ್ನೂ ಮನೆಗಾಗಿ, ಕೆಲಸಕ್ಕಾಗಿ ಜನ ಮತ್ತೆ ಬೀದಿಗಿಳಿದದ್ದನ್ನೂ ಬಿಡದೆ ಹೇಳಿದರು. ನಮ್ಮೂರಿನ ಚಹಾದಂಗಡಿಯಲ್ಲಿ ನಮ್ಮ ಕೇರಿಯವರಿಗೆಂದು ಇಟ್ಟಿದ್ದ ಬೇರೆ ಲೋಟ ಹೋಗಲು ಇನ್ನೂ ಎರಡು ವರ್ಷ ಬೇಕಾಯಿತು. ಅದಕ್ಕಾಗಿಯೂ ಅವರು ನಮ್ಮ ಬೆನ್ನಿಗೆ ನಿಂತರು.

ಮುಂದೆ ಮೇಡಂ ರಾಯಚೂರಿಗೆ ವರ್ಗವಾಗಿ ಹೋದ ಮೇಲೆ, ಎಂ.ಎ. ಓದಲು ಬಂದ ನನ್ನನ್ನು ತಮ್ಮ ಮನೆಯ ಮಗಳಂತೆ ಇರಿಸಿಕೊಂಡು ಓದಿಸಿದರು. ಇಂದು ನಾನು ಅದೇ ಅಮೆರಿಕದ ಇತಿಹಾಸದ ಪತ್ರಿಕೆಯನ್ನು ಬೋಧಿಸುತ್ತಿದ್ದೇನೆ.

ನಿವೃತ್ತಿಯ ಮರುವಾರವೇ ಮೇಡಂ ಮಹಾಯುದ್ಧದ ನಂತರದ ಅಮೆರಿಕದ ದಶಕಗಳ ಕುರಿತು ತಿಳಿಗನ್ನಡದಲ್ಲೊಂದು ಪುಸ್ತಕ ಬರೆಯತೊಡಗಿದ್ದಾರೆ. ಮೊದಲ ಅಧ್ಯಾಯವನ್ನು ಕಳೆದ ಭಾನುವಾರ ನಮ್ಮ ವಿಹಾರದ ಕಟ್ಟೆಯ ಮೇಲೆ ಓದಿದರು. ಹೆಂಗಸರು ಅರ್ಧದಲ್ಲೇ ತಡೆದು ಪ್ರಶ್ನೆ ಕೇಳಿ, ತಮ್ಮತಮ್ಮಲ್ಲೇ ವಾದಕ್ಕಿಳಿದು, ಒಲೆಯ ಮೇಲಿನ ಅನ್ನ ಸೀದರೂ ಏಳಲಿಲ್ಲ. ಗುರುಗಳ ಕಣ್ಣು, ಕಾಲು, ಕಂಠ ಮೂರೂ ಗಟ್ಟಿಯಾಗಿರಲಿ, ಬರೆಯುವ ಕೈ ದಣಿಯದಿರಲಿ, ಆಯುಷ್ಯ ದೊಡ್ಡದಾಗಿರಲಿ ಎಂದು ಎಲ್ಲ ಶಿಷ್ಯರ ಪರವಾಗಿ ಹಾರೈಸುತ್ತೇನೆ. ಅವರಿಗೆ ನಿವೃತ್ತಿ ಕೊಟ್ಟಿರುವುದು ಸರ್ಕಾರ ಮಾತ್ರ. ನಮ್ಮ ಕೇರಿ ಕೊಟ್ಟಿಲ್ಲ, ಕೊಡುವುದೂ ಇಲ್ಲ.